ನೇತ್ರಾಣಿಗೆ ಹೊರಟ ಪುಟ್ಟಿಗೆ

ಹೊನ್ನಾವರ
ಸೆಪ್ಟೆಂಬರ್ ಮೊದಲ ವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪಟ್ಟಿಯನ್ನು ಮೂರು ಸಲ ಓದಿದೆ. ಐದು ದಿನ, ಐವತ್ತು ಸಾವಿರ ರೂಪಾಯಿ, ಅಂಡಮಾನಿನ ಸ್ವರಾಜ್ ದ್ವೀಪ, ಸ್ಕೂಬಾ ಸರ್ಟಿಫಿಕೇಟು, ಒಬ್ಬಳೇ. ಕೊನೆಗೊಂದು ಸಾಲು: ‘ಅತ್ತೆ, ಅಪ್ಪನಿಗೆ ನೀನೇ ಹೇಳಬೇಕು.’ ನಿನ್ನೆ ರಾತ್ರಿಯೇ ಅವನಿಗೆ ಫೋನ್ ಮಾಡಿ ಹೇಳಿಯಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅವಳಿಗೆ ಈಜೇ ಬರೋದಿಲ್ಲವಲ್ಲೇ ಅಕ್ಕಾ’ ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಒಬ್ಬಳೇ ಹೋಗುತ್ತೀಯೆಂಬುದಕ್ಕೆ ಅವನು ಅಡ್ಡಿ ಹೇಳಲಿಲ್ಲ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಹಾಗಾಗಿ ಈ ಪತ್ರ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದು.

ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಅರ್ಪಿಸಿ ದೋಣಿಗಳು ಹೊರಟಿವೆ, ಆದರೆ ಶರಾವತಿ ಸಮುದ್ರ ಸೇರುವಲ್ಲಿ ನೀರು ಇನ್ನೂ ಕೆಂಪಗಿದೆ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕರಾವಳಿಯಲ್ಲಿ ಯಾರೂ ಡೈವಿಂಗಿಗೆ ಇಳಿಯುವುದಿಲ್ಲ. ಯೋಜನೆ ಹಾಕುವುದಕ್ಕೆ ಇದೇ ಹದವಾದ ಕಾಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವರ್ಷ ಅಂಡಮಾನ್ ಬೇಡ. ಮುರುಡೇಶ್ವರಕ್ಕೆ ಬಾ, ಅಲ್ಲಿಯ ನೇತ್ರಾಣಿ ದ್ವೀಪದ ನೀರಿನಲ್ಲಿ ಕಲಿ. ಅಂಡಮಾನಿಗೆ ಮುಂದಿನ ವರ್ಷ ಹೋಗು, ಕಲಿತವಳಾಗಿ ಹೋಗು. ಇದನ್ನು ಓದಿ ನಿನ್ನ ಮುಖ ಸಣ್ಣದಾಗುತ್ತದೆಂದು ಗೊತ್ತು. ಆದರೂ ಕಾರಣ ಕೇಳು.

ನಾನು ಮೊದಲ ಸಲ ಟ್ಯಾಂಕು ಬೆನ್ನಿಗೆ ಹಾಕಿಕೊಂಡದ್ದು ನೇತ್ರಾಣಿಯಲ್ಲಲ್ಲ. ಅದಕ್ಕೂ ಎರಡು ವರ್ಷ ಮೊದಲು ಕಾಲೇಜಿನ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ, ಬೇರೊಂದು ಊರಿನ ಕಡಲ ದಡದಲ್ಲಿ. ಅಲ್ಲಿದ್ದವರಲ್ಲೆಲ್ಲ ಕಡಿಮೆ ದರ ಹೇಳಿದವನ ಹತ್ತಿರ ಹೋದೆ. ಸಾವಿರದೈನೂರು, ಫೋಟೊ ಸೇರಿ. ಅವನು ನನ್ನ ಆರೋಗ್ಯದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮೂಗು ಹಿಡಿದು ಮೆಲ್ಲಗೆ ಊದಬೇಕೆಂದು ಹೇಳಿಕೊಡಲಿಲ್ಲ. ಹಿಂದಿನಿಂದ ಟ್ಯಾಂಕಿನ ಕುತ್ತಿಗೆ ಹಿಡಿದು ನನ್ನನ್ನು ಕೆಳಕ್ಕೆ ಒತ್ತಿಕೊಂಡೇ ಹೋದ. ಮೂರು ಮೀಟರಿಗೆಲ್ಲ ಎಡಗಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಆಗುತ್ತಿಲ್ಲ ಎಂಬ ಅರ್ಥದಲ್ಲಿ ನಾನು ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದೆ. ನೀರಿನ ಭಾಷೆಯಲ್ಲಿ ಹೆಬ್ಬೆರಳು ಕೆಳಗೆ ಎಂದರೆ ‘ಇನ್ನೂ ಕೆಳಗೆ ಹೋಗೋಣ’ ಎಂದರ್ಥ, ಪುಟ್ಟಿ. ಅದನ್ನೂ ಯಾರೂ ನನಗೆ ಹೇಳಿರಲಿಲ್ಲ. ಅವನು ಇನ್ನೂ ಕೆಳಗೆ ಕರೆದುಕೊಂಡು ಹೋದ. ಕಿವಿಯ ತಮಟೆ ಹರಿಯಿತು. ಐದಾರು ವಾರ ಆ ಕಿವಿಯೊಳಗೆ ಅಕ್ಕಿ ಗಿರಣಿ ಓಡುತ್ತಿರುವ ಸದ್ದು. ಅಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹಣ ಔಷಧಿಗೇ ಹೋಯಿತು.

ಆ ಗಾಯ ಏಕಾಯಿತೆಂಬುದು ನಿನಗೆ ಸರಿಯಾಗಿ ಅರ್ಥವಾಗಬೇಕು. ಬೆಂಗಳೂರಿನಿಂದ ಸಾಗರದ ಮೇಲೆ ಬರುವ ಬಸ್ಸು ಗೇರುಸೊಪ್ಪೆ ಘಾಟಿ ಇಳಿಯುವಾಗ ನಿನ್ನ ಕಿವಿ ಮುಚ್ಚಿಕೊಂಡಂತಾಗುತ್ತದಲ್ಲ, ಉಗುಳು ನುಂಗಿದರೆ ಟಪ್ಪೆಂದು ಬಿಡುತ್ತದಲ್ಲ? ಇಡೀ ಘಾಟಿ ಇಳಿದರೂ ಆಗುವ ಒತ್ತಡದ ವ್ಯತ್ಯಾಸ ಸೊಂಟದ ಆಳದ ನೀರಿನಲ್ಲಿ ಆಗುವಷ್ಟೂ ಇಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಮೇಲೆ ಬೀಳುತ್ತದೆ. ಮೇಲೆ ಒಂದು ಲೀಟರ್ ಇದ್ದ ಗಾಳಿ 10 ಮೀಟರಿನಲ್ಲಿ ಅರ್ಧ ಲೀಟರ್ ಆಗುತ್ತದೆ, 20 ಮೀಟರಿನಲ್ಲಿ ಮೂರನೆಯ ಒಂದು ಭಾಗ. ಅಂದರೆ ಅತಿ ದೊಡ್ಡ ಬದಲಾವಣೆ ಆಗುವುದು ಮೊದಲ 10 ಮೀಟರಿನಲ್ಲೇ. ಆಳದಲ್ಲಿ ಅಪಾಯ, ಮೇಲ್ಮೇಲೆ ಏನಿಲ್ಲ ಎಂದು ಜನ ತಿಳಿದಿರುವುದು ತಪ್ಪು. ಕಿವಿಯೊಳಗಿನ ಗಾಳಿ ಕುಗ್ಗುತ್ತಾ ಹೋದಂತೆ ಮೂಗು ಹಿಡಿದು ಊದಿ ಅದನ್ನು ತುಂಬಿಕೊಡಬೇಕು. ನೋವು ಬಂದ ಮೇಲಲ್ಲ, ಬರುವ ಮೊದಲೇ. ಆಗದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನ ಮಾಡಬೇಕು. ನೆಗಡಿ ಇದ್ದ ದಿನ ಇಳಿಯಲೇಬಾರದು.

ಮೇಲೆ ಬರುವಾಗ ಇದೇ ಲೆಕ್ಕ ತಿರುಗುಮುರುಗು. ಕೆಳಗೆ ಎಳೆದುಕೊಂಡ ಉಸಿರು ಮೇಲೆ ಬರುತ್ತಾ ಹಿಗ್ಗುತ್ತದೆ. ಬಾಯಿ ಬಿಗಿಹಿಡಿದು ಬಂದರೆ ಶ್ವಾಸಕೋಶ ಹರಿಯಬಹುದು. ಹಾಗಾಗಿ ಡೈವಿಂಗಿನಲ್ಲಿ ಎಲ್ಲಕ್ಕಿಂತ ಮೊದಲ ನಿಯಮ, ಉಸಿರು ಕಟ್ಟಬೇಡ ಎನ್ನುವುದು. ಎಳೆದುಕೊಳ್ಳುತ್ತಿರಬೇಕು, ಬಿಡುತ್ತಿರಬೇಕು, ನಿಧಾನವಾಗಿ, ನಿಲ್ಲಿಸದೆ. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡುತ್ತಾ ಬಾಯ್ಲನ ನಿಯಮವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ. ಅದು ನನ್ನ ಕಿವಿಯಲ್ಲಿ, ನನ್ನ ಎದೆಯಲ್ಲಿ ಇದೆಯೆಂದು ತಿಳಿದದ್ದು ನೀರಿಗಿಳಿದ ಮೇಲೆ.

2014ರಲ್ಲಿ ಧೈರ್ಯ ತಂದುಕೊಂಡು ನೇತ್ರಾಣಿಗೆ ಹೋದೆ. ಕಲಿಸಿದವಳು ನಿನ್ನ ವಯಸ್ಸಿನ ಹುಡುಗಿ. ಕಿವಿಯ ಕತೆ ಹೇಳಿದೆ. ಮೊದಲು ಡಾಕ್ಟರ ಚೀಟಿ ತರಿಸಿದಳು. ಆಮೇಲೆ ದೋಣಿಯಿಂದ ಇಳಿಬಿಟ್ಟ ಹಗ್ಗ ಹಿಡಿಸಿ ಒಂದೊಂದು ಮೊಳ ಇಳಿಸಿದಳು. ಪ್ರತಿ ಮೊಳಕ್ಕೂ ನಿಂತು ನನ್ನ ಕಣ್ಣು ನೋಡುವಳು, ಹೆಬ್ಬೆರಳು ತೋರುಬೆರಳು ಕೂಡಿಸಿ ಸುತ್ತು ಮಾಡಿ ಕೇಳುವಳು. ನಾನೂ ಹಾಗೇ ಸುತ್ತು ಮಾಡಿ ತೋರಿಸಿದರೆ ಮಾತ್ರ ಮುಂದಿನ ಮೊಳ. ಮೊದಲ ಐದು ಮೀಟರಿಗೆ ಎಂಟು ನಿಮಿಷ ಹಿಡಿಯಿತು. ಉಳಿದವರು ಕೆಳಗೆ ಕಾಯುತ್ತಿದ್ದರೂ ಅವಳು ಅವಸರ ಮಾಡಲಿಲ್ಲ. ಪುಟ್ಟಿ, ನೀನು ಕೊಡುವ ಹಣ ಆ ಎಂಟು ನಿಮಿಷಕ್ಕೆ. ದೋಣಿ, ಟ್ಯಾಂಕು, ಫೋಟೊ ಎಲ್ಲ ಕಡೆಯೂ ಸಿಗುತ್ತವೆ. ದಡದ ಮೇಲೆ ಎಲ್ಲೆಲ್ಲಿ ಉಳಿಸಬಹುದೋ ಅಲ್ಲೆಲ್ಲ ಉಳಿಸು. ನೀರಿನೊಳಗೆ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಐದನೆಯ ದಿನ ಬೆಳಿಗ್ಗೆ ಕೊನೆಯ ಡೈವ್, ಅಲ್ಲಿಂದ ದೋಣಿ, ಸಂಜೆಗೆ ವಿಮಾನ ಎಂದು ಬರೆದಿದ್ದೀಯ. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಹೊರಬಂದರೆ ತೊಂದರೆಯಿಲ್ಲ. ಅವಸರದಲ್ಲಿ ಒತ್ತಡ ಇಳಿದರೆ ಗೋಲಿ ಸೋಡಾದ ಗೋಲಿ ಒತ್ತಿದಂತೆ ಮೈಯೊಳಗೆ ಗುಳ್ಳೆ ಏಳುತ್ತವೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ವಿಮಾನದೊಳಗಿನ ಗಾಳಿ ಎರಡು ಸಾವಿರ ಮೀಟರಿಗಿಂತ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳು ಇರಬಹುದು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು. ನಾನು ಇಡೀ ಒಂದು ದಿನ ಬಿಡುತ್ತೇನೆ. ನಮ್ಮ ಊರಿನ ವಿಷಯದಲ್ಲೂ ಇದನ್ನು ನೆನಪಿಡು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಕೋರ್ಸಿನ ಕೊನೆಯ ಡೈವ್ ಮಾಡಿದ ರಾತ್ರಿ ಘಾಟಿ ಹತ್ತಬೇಡ. ಅಂದು ನಮ್ಮನೆಯಲ್ಲಿ ಮಲಗಿ ಮರುದಿನ ಹೋಗು.

ಐದು ದಿನದ ಅಂಡಮಾನ್ ಯೋಜನೆಯ ತೊಂದರೆ ಇದೇ. ಒಂದು ದಿನ ಹೋಗುವುದಕ್ಕೆ, ಒಂದು ದಿನ ಬರುವುದಕ್ಕೆ, ಒಂದು ದಿನ ಮೈ ಒಣಗಿಸುವುದಕ್ಕೆ ಬಿಟ್ಟರೆ ಉಳಿಯುವುದು ಎರಡೇ ದಿನ. ನೀನು ಬಯಸಿದ ಸರ್ಟಿಫಿಕೇಟು ಕೊಡುವ ಓಪನ್ ವಾಟರ್ ಕೋರ್ಸಿಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ದಿನ ಬೇಕು. ಸಮುದ್ರದಲ್ಲಿಯೇ ನಾಲ್ಕು ಡೈವ್ ಮುಗಿಸಬೇಕು. ಗಾಳಿ ಎದ್ದರೆ ದೋಣಿ ಹೊರಡುವುದಿಲ್ಲ. ಆಗ ನೀನು ಏನು ಮಾಡುತ್ತೀಯ? ಕಿವಿ ಬಿಗಿದಿದ್ದರೂ, ಮೈ ಸರಿಯಿಲ್ಲದಿದ್ದರೂ, ಕೊಟ್ಟ ದುಡ್ಡು ನೆನೆದು ಇಳಿದುಬಿಡುತ್ತೀಯ. ಕಡಿಮೆ ಖರ್ಚಿನ ಪ್ರವಾಸದಲ್ಲಿ ನಿಜವಾದ ಅಪಾಯ ಅಗ್ಗದ ಕೋಣೆಯಲ್ಲಿಲ್ಲ, ಬಿಗಿಯಾದ ದಿನಚರಿಯಲ್ಲಿದೆ.

ಹಣದ ವಿಷಯ. ವಿಮಾನಕ್ಕೇ ಹೋಗಿ ಬರಲು ಹನ್ನೆರಡು ಹದಿನೈದು ಸಾವಿರ ಕೊಟ್ಟರೆ ನಿನ್ನ ಐವತ್ತರಲ್ಲಿ ಕೋರ್ಸಿನ ಶುಲ್ಕ ತೀರಿಸಿ ಊಟಕ್ಕೆ, ವಸತಿಗೆ ಏನು ಉಳಿಯುತ್ತದೆ? ಮುರುಡೇಶ್ವರದ ಲೆಕ್ಕ ನೋಡು. ಕೋರ್ಸಿಗೆ ಇಪ್ಪತ್ತೈದರಿಂದ ಮೂವತ್ತು ಸಾವಿರ ಎಂದು ಇಟ್ಟುಕೋ. ದರ ವರ್ಷವರ್ಷ ಬದಲಾಗುತ್ತದೆ, ಅಂಗಡಿಯಿಂದ ಅಂಗಡಿಗೂ ಬೇರೆ. ‘ಎಲ್ಲ ಸೇರಿ ಎಷ್ಟು’ ಎಂದೇ ಕೇಳು: ದೋಣಿ, ಸಲಕರಣೆ, ಓದುವ ಸಾಮಗ್ರಿ, ಸರ್ಟಿಫಿಕೇಟಿನ ಶುಲ್ಕ ಎಲ್ಲವೂ. ಕೋಣೆಗೆ ದಿನಕ್ಕೊಂದು ಸಾವಿರ, ಊಟಕ್ಕೆ ನಾಲ್ಕೈದು ನೂರು. ಬಸ್ಸಿಗೆ ನೀನು ಏನೂ ಕೊಡಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ಕಾರ್ಡು ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಎಲ್ಲದರಲ್ಲೂ ಉಚಿತ. ಸ್ಲೀಪರಿಗೆ, ಎಸಿ ಬಸ್ಸಿಗೆ ಅದು ನಡೆಯದು. ರಾತ್ರಿಯಿಡೀ ಕೂತು ಬರುವುದು ಬೇಡವೆನಿಸಿದರೆ ಮೈಸೂರಿನ ಮೇಲೆ ಬರುವ ರೈಲು ಮುರುಡೇಶ್ವರಕ್ಕೇ ತಂದು ಬಿಡುತ್ತದೆ. ಎಲ್ಲ ಕೂಡಿದರೂ ನಲವತ್ತು ನಲವತ್ತೈದು ಸಾವಿರ ದಾಟುವುದಿಲ್ಲ. ಉಳಿದ ಐದು ಸಾವಿರವನ್ನು ಮುಟ್ಟಬೇಡ. ಅದು ಗಾಳಿ ಎದ್ದ ದಿನ ಸುಮ್ಮನೆ ಕೂರುವುದಕ್ಕೆ. ಒಮ್ಮೆ ಪಡೆದ ಸರ್ಟಿಫಿಕೇಟಿಗೆ ಅವಧಿ ಎಂಬುದಿಲ್ಲ. ಜಗತ್ತಿನ ಯಾವ ಕಡಲಿಗೆ ಹೋದರೂ ತೋರಿಸಬಹುದು.

ಸೋಮವಾರದಿಂದ ಗುರುವಾರದ ಒಳಗೆ ಬಾ. ಶನಿವಾರ ಭಾನುವಾರ, ಕ್ರಿಸ್‌ಮಸ್ ರಜೆ, ಶಿವರಾತ್ರಿ ಇವುಗಳಲ್ಲಿ ಮುರುಡೇಶ್ವರದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೋಣೆಯ ಬಾಡಿಗೆಯೂ ಏರುತ್ತದೆ. ದೋಣಿಯ ತುಂಬ ಜನ ಇದ್ದರೆ ಕಲಿಸುವವರಿಗೂ ಉಸಿರಾಡಲು ಬಿಡುವಿಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿರುವ ಸಾಧ್ಯತೆ ಹೆಚ್ಚು.

ಹೊರಡುವ ಮುನ್ನ ಬೆಂಗಳೂರಿನಲ್ಲೇ ಮೂರು ಕೆಲಸ ಇವೆ. ಒಂದು ಈಜು. ‘ಈಜು ಬರದಿದ್ದರೂ ಪರವಾಗಿಲ್ಲವಂತೆ’ ಎಂದು ಬರೆದಿದ್ದೀಯ. ಕೈಹಿಡಿದು ಒಮ್ಮೆ ಇಳಿಸಿ ತೋರಿಸುವ ಡೈವಿಗೆ ಅದು ನಿಜ. ಅದರಲ್ಲಿ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದೂ ಇಲ್ಲ. 18 ಮೀಟರಿಗೆ ಇಳಿಯಬಲ್ಲ ಸರ್ಟಿಫಿಕೇಟು ಬೇಕಾದರೆ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ವೇಗದ ಪರೀಕ್ಷೆಯಲ್ಲ, ನೀರಿನಲ್ಲಿ ಗಾಬರಿಯಾಗುವುದಿಲ್ಲ ಎಂಬುದರ ಪರೀಕ್ಷೆ. ನಿನ್ನ ಅಪ್ಪನೂ ನಾನೂ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಕೆರೆಯಲ್ಲಿ ಕಲಿತೆವು. ಅಜ್ಜ ದಿನಕ್ಕೊಂದಿಷ್ಟು ಹಗ್ಗ ಸಡಿಲಿಸುತ್ತಿದ್ದರು. ನಿನಗೆ ಕೆರೆಯಿಲ್ಲ, ಆದರೆ ಪಾಲಿಕೆಯ ಈಜುಕೊಳ ಇದೆ. ಎರಡು ತಿಂಗಳು ಬೆಳಿಗ್ಗೆ ಹೋಗು. ನಿನ್ನ ಅಪ್ಪನ ಹೆದರಿಕೆಗೂ ಅದೇ ಔಷಧಿ.

ಎರಡನೆಯದು ಕಿವಿ ಮೂಗಿನ ಡಾಕ್ಟರು. ಚಿಕ್ಕವಳಿದ್ದಾಗ ನಿನಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತಿತ್ತು, ನೆನಪಿದೆಯಾ? ಅದನ್ನು ಡಾಕ್ಟರಿಗೂ ಹೇಳು, ಡೈವಿಂಗ್ ಶಾಲೆಯ ಅರ್ಜಿಯಲ್ಲೂ ಬರೆ. ಬೇಡವೆಂದುಬಿಟ್ಟಾರು ಎಂಬ ಭಯದಲ್ಲಿ ಮುಚ್ಚಿಡಬೇಡ. ಮೂರನೆಯದು ಓದು. ಕೋರ್ಸಿನ ಪಾಠಗಳನ್ನು ಮನೆಯಲ್ಲೇ ಫೋನಿನಲ್ಲಿ ಮುಗಿಸಿಕೊಂಡು ಬಂದರೆ ಮುರುಡೇಶ್ವರದಲ್ಲಿ ಒಂದು ದಿನದ ಬಾಡಿಗೆ ಉಳಿಯುತ್ತದೆ.

ಅಂಗಡಿ ಆರಿಸುವಾಗ ನಕ್ಷತ್ರಗಳನ್ನು ಎಣಿಸಬೇಡ, ಫೋನ್ ಮಾಡಿ ಮಾತಾಡು. ಒಬ್ಬ ಗುರುವಿಗೆ ಎಷ್ಟು ಜನ ಶಿಷ್ಯರು? ನಾಲ್ಕಕ್ಕಿಂತ ಹೆಚ್ಚೆಂದರೆ ಬೇರೆ ಕಡೆ ನೋಡು. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತದೆಯೆ? ತುರ್ತಾದರೆ ಎಲ್ಲಿಗೆ ಒಯ್ಯುತ್ತಾರೆ? ಗುರುವಿನ ನಂಬರು ಕೇಳಿ ಪಡೆದು, ಪ್ಯಾಡಿಯೋ ಎಸ್‌ಎಸ್‌ಐಯೋ ಯಾವ ಸಂಸ್ಥೆಯದೋ ಅದರಲ್ಲಿ ಪರಿಶೀಲಿಸು. ಕೇಳಿದ್ದಕ್ಕೆ ಬೇಸರಪಡುವವರ ಹತ್ತಿರ ಹೋಗುವುದೇ ಬೇಡ. ಒಳ್ಳೆಯ ಗುರುವಿಗೆ ಪ್ರಶ್ನೆ ಕೇಳುವ ಶಿಷ್ಯೆಯೆಂದರೆ ಇಷ್ಟ.

ಸಲಕರಣೆ ಕೊಳ್ಳಬೇಡ. ಒಂದು ಮಾಸ್ಕ್ ಮಾತ್ರ ನಿನ್ನದೇ ಇರಲಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದುಕೋ. ಕೈ ಬಿಟ್ಟರೂ ಬೀಳದೆ ಅಂಟಿಕೊಂಡಿದ್ದರೆ ಅದು ನಿನ್ನ ಮುಖದ್ದು. ಬಾಡಿಗೆಯ ಮಾಸ್ಕಿನೊಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಎಂಥ ಚಂದದ ಮೀನು ಬಂದರೂ ಕಣ್ಣಿಗೆ ಬೀಳುವುದಿಲ್ಲ.

ಇನ್ನು, ಒಬ್ಬಳೇ ಎನ್ನುವುದರ ಬಗ್ಗೆ. ಐದೂ ದಿನ ನಮ್ಮನೆಯಲ್ಲೇ ಇದ್ದು ಹೋಗಿ ಬಾ ಎಂದು ನಾನು ಹೇಳುವುದಿಲ್ಲ. ಮುರುಡೇಶ್ವರ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ, ಹೇಳಬಹುದಿತ್ತು. ಆದರೆ ಒಂದು ಊರಿಗೆ ಒಬ್ಬಳೇ ಹೋಗಿ, ಕೋಣೆ ಹುಡುಕಿ, ಬೆಳಗಿನ ಚಹಾ ಒಬ್ಬಳೇ ಕುಡಿದು, ಯಾರಿಗೂ ಲೆಕ್ಕ ಕೊಡದೆ ಕಡಲು ನೋಡುತ್ತಾ ಕೂರುವ ಆಸೆ ನನಗೂ ನಿನ್ನ ವಯಸ್ಸಿನಲ್ಲಿ ಇತ್ತು. ನನಗೆ ಅದು ಐವತ್ತು ದಾಟಿದ ಮೇಲೆ ಸಿಕ್ಕಿತು. ನಿನಗೆ ಇಪ್ಪತ್ತಾರಕ್ಕೆ ಸಿಗಲಿ. ಒಳಗಿನಿಂದ ಸರಿಯಾಗಿ ಚಿಲಕ ಬೀಳುವ ಕೋಣೆ ನೋಡಿಕೋ. ಯಾವ ದೋಣಿ, ಎಷ್ಟು ಗಂಟೆಗೆ ವಾಪಸು ಎಂದು ಬೆಳಿಗ್ಗೆ ಒಂದು ಸಾಲು ಕಳಿಸು, ದಡಕ್ಕೆ ಬಂದ ಮೇಲೆ ಇನ್ನೊಂದು. ನನಗೆ ಅಷ್ಟು ಸಾಕು.

ದಡದವರೆಗೆ ಒಬ್ಬಳೇ ಬಾ. ನೀರಿನೊಳಗೆ ಒಬ್ಬರೇ ಇಳಿಯುವ ಪದ್ಧತಿ ಇಲ್ಲ. ಪ್ರತಿಯೊಬ್ಬರಿಗೂ ಒಬ್ಬರು ಜೊತೆಗಾರರು ಇರುತ್ತಾರೆ. ನಿನ್ನ ಗಾಳಿ ಮುಗಿದರೆ ಅವರ ಟ್ಯಾಂಕಿನ ಎರಡನೆಯ ನಳಿಗೆಯಿಂದ ನೀನು ಉಸಿರಾಡಬೇಕು. ಒಬ್ಬಳೇ ಹೋದವಳಿಗೆ ಅಂದು ಬೆಳಿಗ್ಗೆ ಪರಿಚಯವಾದ ಯಾರೋ ಜೊತೆಗಾರರಾಗುತ್ತಾರೆ. ಸಂಕೋಚಪಡದೆ ಅವರ ಹೆಸರು ಕೇಳು, ಎಷ್ಟು ಡೈವ್ ಮಾಡಿದ್ದಾರೆಂದು ಕೇಳು, ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸಿಕೊಳ್ಳಿ. ಇಳಿಯುವಾಗ ಟ್ಯಾಂಕಿನಲ್ಲಿ 200 ಬಾರ್ ಇರುತ್ತದೆ, 50 ಬಾರ್ ಉಳಿದಿರುವಂತೆ ಮೇಲೆ ಬರಬೇಕು. ಒತ್ತಡದ ಮಾಪಕದ ಮುಳ್ಳನ್ನು ನೀನೇ ನೋಡುತ್ತಿರು, ಗುರು ನೋಡುತ್ತಾರೆಂದು ಬಿಡಬೇಡ.

ಹೆಣ್ಣುಮಕ್ಕಳಿಗೆ ಹೇಳಬೇಕಾದ ಎರಡು ಮಾತನ್ನು ಬಿಚ್ಚಿ ಹೇಳುತ್ತೇನೆ. ಮುಟ್ಟಿನ ದಿನಗಳಲ್ಲಿ ಡೈವ್ ಮಾಡಬಹುದು, ನಿನ್ನ ಮೈಗೆ ಹಿತವೆನಿಸಿದರೆ. ಶಾರ್ಕ್ ಬರುತ್ತದೆಂಬುದೆಲ್ಲ ಕಟ್ಟುಕತೆ. ಇನ್ನೊಂದು, ಸಲಕರಣೆ ಸರಿಪಡಿಸಲು ಕಲಿಸುವವರು ಪಟ್ಟಿ ಎಳೆಯುತ್ತಾರೆ, ಬಕಲ್ ಹಾಕುತ್ತಾರೆ. ಅದಕ್ಕೂ ಮೈ ಮುಟ್ಟುವುದಕ್ಕೂ ಇರುವ ವ್ಯತ್ಯಾಸ ನಿನಗೆ ಕೂಡಲೇ ತಿಳಿಯುತ್ತದೆ. ತಿಳಿದ ಕ್ಷಣ ಜೋರಾಗಿ ಹೇಳು, ದೋಣಿಯಲ್ಲಿರುವ ಎಲ್ಲರಿಗೂ ಕೇಳುವಂತೆ ಹೇಳು. ಡೈವಿಂಗಿನಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ‘ನಾನು ಇಳಿಯುವುದಿಲ್ಲ’ ಎನ್ನಬಹುದು. ಇಳಿದ ಮೇಲೂ ಹೆಬ್ಬೆರಳು ಮೇಲೆತ್ತಿ ತೋರಿಸಿದರೆ ಸಾಕು, ಜೊತೆಗಾರ ಮೇಲೆ ಬರಲೇಬೇಕು. ಒಬ್ಬಳೇ ಹೋದವಳಿಗೆ ಈ ಹಕ್ಕು ಎಲ್ಲಕ್ಕಿಂತ ದೊಡ್ಡ ಆಸ್ತಿ.

ಇಷ್ಟೆಲ್ಲ ಹೇಳಿ ನಿನ್ನನ್ನು ಹೆದರಿಸಿಬಿಟ್ಟೆನೇನೋ. ಅಲ್ಲಿ ಏನಿದೆ ಎಂಬುದನ್ನೂ ಹೇಳಬೇಕು.

ಮುರುಡೇಶ್ವರದಿಂದ ಬೆಳಿಗ್ಗೆ ದೋಣಿ ಹೊರಟರೆ ನೇತ್ರಾಣಿ ಸುಮಾರು 19 ಕಿಲೋಮೀಟರ್. ಒಂದರಿಂದ ಒಂದೂವರೆ ಗಂಟೆ. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡ, ಎರಡು ಇಡ್ಲಿ ತಿಂದಿರು, ದಿಗಂತವನ್ನೇ ನೋಡುತ್ತಿರು. ಹಿಂದೆ ಶಿವನ 123 ಅಡಿಯ ಮೂರ್ತಿ ಬೆರಳಿನಷ್ಟಾಗುವವರೆಗೆ ಕಾಣುತ್ತಿರುತ್ತದೆ. ಮುಂದೆ ದ್ವೀಪ ಮೆಲ್ಲಗೆ ಎದ್ದು ಬರುತ್ತದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರವಂತೆ. ದೋಣಿಯಿಂದ ನೋಡಿದರೆ ಕಡಿದಾದ ಬಂಡೆ, ಅದರ ಮೇಲೆ ಕಾಡು. ಅಲ್ಲಿ ಮನೆಯಿಲ್ಲ. ನೌಕಾಪಡೆ ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ಇದನ್ನು ಬಳಸುತ್ತಿತ್ತು. ನಮ್ಮ ಮೀನುಗಾರರಿಗೆ ಇದು ಹರಕೆಯ ಜಾಗ, ಆಡುಗಳನ್ನು ತಂದು ಬಿಟ್ಟು ಹೋಗುತ್ತಾರೆ. ಬಿಳಿ ಹೊಟ್ಟೆಯ ಕಡಲ ಹದ್ದು ತಲೆಯ ಮೇಲೆ ಸುತ್ತುತ್ತಿದ್ದರೆ ಅದನ್ನೂ ನೋಡು, ನೀರಿನೊಳಗಿನದ್ದಕ್ಕಷ್ಟೇ ಅವಸರ ಮಾಡಬೇಡ.

ಕೆಳಗೆ ಮೊದಲು ಕೇಳುವುದು ನಿನ್ನ ಉಸಿರೇ. ಆಮೇಲೆ ಕರಕರ ಎಂಬ ಸದ್ದು, ಯಾರೋ ಹುರಿಗಡಲೆ ಅಗಿಯುತ್ತಿರುವ ಹಾಗೆ. ಅದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೆದು ಅದರ ಮೇಲಿನ ಪಾಚಿ ತಿನ್ನುತ್ತದೆ, ಕಲ್ಲನ್ನು ಮರಳಾಗಿ ವಿಸರ್ಜಿಸುತ್ತದೆ. ಕಣ್ಣೆದುರಿಗೇ ಬಿಳಿ ಮರಳಿನ ಸಣ್ಣ ಮೋಡ ಬಿಟ್ಟು ಹೋಯಿತು ಒಂದು. ಬಂಡೆಯ ಸಂದಿನಲ್ಲಿ ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಕಚ್ಚಲು ಬರುತ್ತಿದೆಯೆಂದು ನಾನು ಹಿಂದೆ ಸರಿದೆ. ಅದು ಉಸಿರಾಡುವ ರೀತಿಯೇ ಹಾಗಂತೆ.

ಇನ್ನೊಂದು ಸಂಗತಿ ಈಗಲೂ ನನ್ನ ಕಣ್ಣ ಮುಂದಿದೆ. ಇಡಗುಂಜಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ನನ್ನ ಮಣಿಕಟ್ಟಿನಲ್ಲಿತ್ತು. 15 ಮೀಟರಿನಲ್ಲಿ ನೋಡುತ್ತೇನೆ, ದಾರ ಕಪ್ಪಾಗಿದೆ. ಒದ್ದೆಯಾಗಿ ಬಣ್ಣ ಬಿಟ್ಟಿತೆಂದುಕೊಂಡೆ. ಕಲಿಸುವವಳು ಟಾರ್ಚು ಹಾಕಿದಳು. ಬೆಳಕು ಬಿದ್ದಲ್ಲಿ ಮಾತ್ರ ಕುಂಕುಮದಂಥ ಕೆಂಪು, ಬೆಳಕು ಸರಿದರೆ ಮತ್ತೆ ಕಪ್ಪು. ನೀರು ಮೊದಲು ನುಂಗುವುದು ಕೆಂಪನ್ನು, ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿ. ಕ್ಲಾಸಿನಲ್ಲಿ ಬೆಳಕಿನ ಪಾಠ ಮಾಡಿದವಳು ನಾನು, ಆದರೂ ಮಗುವಿನ ಹಾಗೆ ಅವಳ ಕೈಯಿಂದ ಟಾರ್ಚು ಕಿತ್ತುಕೊಂಡು ಆ ದಾರಕ್ಕೆ ಬೆಳಕು ಬಿಡುವುದು ತೆಗೆಯುವುದು ಮಾಡುತ್ತಿದ್ದೆ. ನೀನು ಬರುವಾಗ ಕೈಗೊಂದು ಕೆಂಪು ದಾರ ಕಟ್ಟಿಕೊಂಡು ಬಾ.

ಹವಳ ಮುಟ್ಟಬೇಡ, ಶಂಖ ಚಿಪ್ಪು ಎತ್ತಿಕೊಳ್ಳಬೇಡ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ. ಬಿಸಿಲಿಗೆಂದು ಮೈಗೆ ಕ್ರೀಮು ಬಳಿದುಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿಕೋ.

ಮುಂದಿನ ವರ್ಷದ ಅಂಡಮಾನಿಗೆ ಈಗಲೇ ಹೆಚ್ಚು ಹೇಳುವುದಿಲ್ಲ. ನಿನ್ನ ಪಟ್ಟಿಯ ದ್ವೀಪಕ್ಕೆ ನಾನು ಹೋದದ್ದು 2017ರಲ್ಲಿ, ಆಗಿನ್ನೂ ಅದು ಹ್ಯಾವ್‌ಲಾಕ್. ಸ್ವರಾಜ್ ದ್ವೀಪವೆಂಬ ಹೆಸರು ಬಂದದ್ದು 2018ರ ಡಿಸೆಂಬರಿನಲ್ಲಿ. ನೀನು ವಿಮಾನ ಇಳಿಯುವ ಪೋರ್ಟ್ ಬ್ಲೇರ್ ಕೂಡ ಈಗ ಶ್ರೀ ವಿಜಯಪುರಂ. ಟಿಕೆಟ್ಟು ಹುಡುಕುವಾಗ ಹಳೆ ಹೊಸ ಹೆಸರು ಎರಡೂ ಗೊತ್ತಿರಲಿ. ಸರ್ಕಾರಿ ದೋಣಿ ಖಾಸಗಿಯವರದ್ದಕ್ಕಿಂತ ಬಹಳ ಅಗ್ಗ, ಆದರೆ ಟಿಕೆಟ್ಟು ಬೇಗ ಮುಗಿಯುತ್ತದೆ. ದ್ವೀಪದ ಪೇಟೆಯಲ್ಲಿ ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮನೆತನದ ಹೋಟೆಲುಗಳಿವೆ, ಅನ್ನ ಬೇಳೆ ಮೀನು ಹೊಟ್ಟೆತುಂಬ ಹಾಕುತ್ತಾರೆ, ಕಡಲ ದಂಡೆಯ ರೆಸಾರ್ಟಿನ ಊಟಕ್ಕೆ ಕೊಡುವುದರ ಕಾಲುಭಾಗದಲ್ಲಿ. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮಗಿಂತ ಒಂದು ಗಂಟೆಗೂ ಮೊದಲು ಏಳುತ್ತಾನೆ, ಚಳಿಗಾಲದಲ್ಲಿ ಐದಕ್ಕೆಲ್ಲ ಮುಳುಗುತ್ತಾನೆ. ಅಷ್ಟು ಹೊತ್ತಿಗೆ ಕೋಣೆ ಸೇರುವಂತೆ ದಿನ ಹೊಂದಿಸಿಕೋ. ಎಂಟು ದಿನ ಇಟ್ಟುಕೊಂಡು ಹೋಗು. ಸರ್ಟಿಫಿಕೇಟು ಕೈಯಲ್ಲಿದ್ದರೆ ಒಂದೊಂದು ಡೈವಿಗೆ ಮಾತ್ರ ಹಣ ಕೊಟ್ಟರಾಯಿತು. 2010ರಲ್ಲಿ ಕಡಲು ಕಾದು ಅಲ್ಲಿನ ಹವಳ ರಾಶಿರಾಶಿಯಾಗಿ ಬಿಳಿಚಿ ಸತ್ತಿತ್ತು. ಚೇತರಿಸಿಕೊಂಡದ್ದೂ ಇದೆ, ಮತ್ತೆ ಪೆಟ್ಟು ತಿಂದದ್ದೂ ಇದೆ. ಬದುಕಿರುವುದನ್ನು ನೀನು ನೋಡಬೇಕೆಂಬುದು ನನ್ನ ಆಸೆ. ಬೀಳದೆ, ತಾಗದೆ, ಒಂದು ಮೊಳ ದೂರದಲ್ಲಿ ತೇಲುತ್ತಾ ನೋಡಲು ಬರಬೇಕೆಂದರೆ ಮೊದಲು ನೇತ್ರಾಣಿಯಲ್ಲಿ ಕಲಿತಿರಬೇಕು.

ನಾಳೆಯೇ ಈಜುಕೊಳಕ್ಕೆ ಹೋಗಿ ಹೆಸರು ಬರೆಸಿ ಬಾ. ಮೊದಲ ದಿನ ನೀರು ಮೂಗಿಗೆ ಹೋಯಿತೆಂದು ಬಿಟ್ಟು ಬರಬೇಡ. ಹತ್ತು ನಿಮಿಷ ತೇಲಲು ಬಂದ ದಿನ ನಿನ್ನ ಅಪ್ಪನಿಗೆ ನೀನೇ ಫೋನ್ ಮಾಡಿ ಹೇಳು, ನನ್ನಿಂದ ಹೇಳಿಸಬೇಡ.

ನನ್ನ ಮಾಸ್ಕ್ ಕಪಾಟಿನ ಮೇಲಿನ ಖಾನೆಯಲ್ಲಿ ಹಳೆಯ ಮೆತ್ತನೆ ಸೀರೆಯಲ್ಲಿ ಸುತ್ತಿಟ್ಟಿದೆ. ದೀಪಾವಳಿಗೆ ಬಂದಾಗ ಮುಖಕ್ಕೆ ಒತ್ತಿ ನೋಡು. ಅಂಟಿಕೊಂಡರೆ ಅದು ನಿನ್ನದು.

ಪ್ರೀತಿಯಿಂದ,
ನಿನ್ನ ಅತ್ತೆ